ವಿಪಿ-23: ಪೆಸಿಫಿಕ್ ಯುದ್ಧದ ಒಂದು ಗಸ್ತು ಬಾಂಬರ್ ಸ್ಕ್ವಾಡ್ರನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಎರಡನೇ ಮಹಾಯುದ್ಧದ ವಿಮಾನಗಳು ಅಂದ ತಕ್ಷಣ ಎಲ್ಲರೂ ಸ್ಪಿಟ್‌ಫೈರ್, ಝೀರೋ, ಬಿ-29 ಅಂತ ಶುರು ಮಾಡುತ್ತಾರೆ. ನಿಧಾನವಾಗಿ, ಗಂಟೆಗಟ್ಟಲೆ ಸಮುದ್ರದ ಮೇಲೆ ಹಾರುತ್ತಾ ನೀರನ್ನೇ ನೋಡುತ್ತಾ ಕೂತವರ ಕಥೆ ಯಾರಿಗೂ ಬೇಡ. ಅಂಥ ಒಂದು ಸ್ಕ್ವಾಡ್ರನ್, ಅಂದರೆ ವಿಮಾನ ದಳದ ಬಗ್ಗೆ ಜನ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ಕೆಲವು ಉತ್ತರ ಉದ್ದ, ಕೆಲವು ಎರಡೇ ಸಾಲು.

ಇದು ಯಾವ ಸ್ಕ್ವಾಡ್ರನ್? ಇದನ್ನೇ ಯಾಕೆ ಆರಿಸಿಕೊಂಡಿರಿ?

ಅಮೆರಿಕದ ನೌಕಾಪಡೆಯ ವಿಪಿ-23. ವಿಪಿ ಅಂದರೆ ಗಸ್ತು ವಿಮಾನಗಳ ಸ್ಕ್ವಾಡ್ರನ್. 1941ರ ಡಿಸೆಂಬರ್‌ನಲ್ಲಿ ಹವಾಯಿಯ ಪರ್ಲ್ ಹಾರ್ಬರ್ ನೌಕಾನೆಲೆಯ ಮೇಲೆ ಜಪಾನಿನ ದಾಳಿ ಆದಾಗ ಇದು ಅಲ್ಲೇ, ಫೋರ್ಡ್ ದ್ವೀಪದಲ್ಲಿ ಇತ್ತು. 1942ರ ಜೂನ್‌ನಲ್ಲಿ, ಪೆಸಿಫಿಕ್ ನಡುವಿನ ಪುಟ್ಟ ದ್ವೀಪ ಮಿಡ್‌ವೇಯ ಯುದ್ಧದ ದಿನ ಜಪಾನಿನ ವಿಮಾನವಾಹಕ ನೌಕೆಗಳನ್ನು ಮೊದಲು ಕಂಡಿದ್ದು ಇದರ ಪೈಲಟ್‌ಗಳು. ಆಮೇಲೆ ಸೊಲೊಮನ್ ದ್ವೀಪಗಳ ಕಡೆ ಹೋಯಿತು. 1945ರ ಆಗಸ್ಟ್‌ನಲ್ಲಿ, ಯುದ್ಧ ಮುಗಿಯಲು ಎರಡು ವಾರ ಕೂಡ ಇಲ್ಲದಾಗ, ಮುಳುಗಿದ ಇಂಡಿಯಾನಾಪೊಲಿಸ್ ಹಡಗಿನ ನಾವಿಕರನ್ನು ನೀರಿನಿಂದ ಎತ್ತಿದ್ದೂ ಇದೇ ಸ್ಕ್ವಾಡ್ರನ್ನಿನ ಒಂದು ವಿಮಾನ.

ಇದಕ್ಕಿಂತ ಜಾಸ್ತಿ ಹಡಗು ಮುಳುಗಿಸಿದ ಗಸ್ತು ಸ್ಕ್ವಾಡ್ರನ್‌ಗಳಿವೆ, ಜಾಸ್ತಿ ಪದಕ ಗಳಿಸಿದವೂ ಇವೆ. ಆದರೆ ಇವರ ಎರಡು ದೊಡ್ಡ ಕೆಲಸಗಳನ್ನು ನೋಡಿ. ಎರಡರಲ್ಲೂ ಒಂದೇ ಒಂದು ಬಾಂಬ್ ಹಾಕಿಲ್ಲ. ಒಂದರಲ್ಲಿ ಶತ್ರುವನ್ನು ಕಂಡುಹಿಡಿದರು, ಇನ್ನೊಂದರಲ್ಲಿ ತಮ್ಮವರನ್ನು ಬದುಕಿಸಿದರು. ಹೆಸರಿನಲ್ಲಿ ಬಾಂಬರ್ ಇದ್ದರೂ ಇವರ ಅಸಲಿ ಆಯುಧ ಕಣ್ಣು ಮತ್ತು ರೇಡಿಯೋ ಅನ್ನೋದು ನನ್ನ ಅಭಿಪ್ರಾಯ.

ಇವರು ಹಾರಿಸುತ್ತಿದ್ದ ವಿಮಾನ ಯಾವುದು?

ಕನ್ಸಾಲಿಡೇಟೆಡ್ ಕಂಪನಿಯ ಪಿಬಿವೈ ಕ್ಯಾಟಲಿನಾ. ಪಿಬಿ ಅಂದರೆ ಗಸ್ತು ಬಾಂಬರ್, ವೈ ಅನ್ನೋದು ಆ ಕಂಪನಿಗೆ ನೌಕಾಪಡೆ ಕೊಟ್ಟ ಅಕ್ಷರ, ಅಷ್ಟೇ. ಹೊಟ್ಟೆಯೇ ದೋಣಿಯ ಆಕಾರ, ನೇರವಾಗಿ ನೀರಿನ ಮೇಲೆ ಇಳಿಯುತ್ತದೆ. ರೆಕ್ಕೆಯ ಉದ್ದ ತುದಿಯಿಂದ ತುದಿಗೆ ಸುಮಾರು 31.7 ಮೀಟರ್. ಆ ರೆಕ್ಕೆ ದೋಣಿಯ ಮೇಲೆ ಒಂದು ಕಂಬದ ಮೇಲೆ ಕೂತಿರುತ್ತದೆ, ಅದರ ಮೇಲೆ 1,200 ಅಶ್ವಶಕ್ತಿಯ ಎರಡು ಪ್ರ್ಯಾಟ್ ಅಂಡ್ ವಿಟ್ನಿ ಎಂಜಿನ್. ನೀರಿನ ಮೇಲೆ ವಾಲದಂತೆ ತಡೆಯಲು ರೆಕ್ಕೆಯ ತುದಿಯಲ್ಲಿ ತೇಲುಗಳು ಇರುತ್ತವೆ, ಹಾರುವಾಗ ಅವು ಮೇಲಕ್ಕೆ ಮಡಚಿಕೊಂಡು ರೆಕ್ಕೆಯ ತುದಿಯೇ ಆಗಿಬಿಡುತ್ತವೆ. ಪಿಬಿವೈ-5ಎ ಅನ್ನೋ ಮಾದರಿಗೆ ಚಕ್ರಗಳೂ ಇದ್ದವು, ಅದು ನೆಲದ ಮೇಲೂ ಇಳಿಯುತ್ತಿತ್ತು.

ವೇಗ ಮಾತ್ರ ಕೇಳಬೇಡಿ. ಗಸ್ತಿನಲ್ಲಿ ಗಂಟೆಗೆ 200 ಕಿಲೋಮೀಟರ್ ಆಸುಪಾಸು. ಜಪಾನಿನ ಝೀರೋ ಫೈಟರ್ ಹೋಗುತ್ತಿದ್ದದ್ದು 500ಕ್ಕೂ ಮೇಲೆ. ಹಾಗಾಗಿ ಫೈಟರ್ ಕಂಡರೆ ಮೋಡದೊಳಗೆ ನುಗ್ಗುವುದು, ಮೋಡ ಇಲ್ಲದಿದ್ದರೆ ಅಲೆಗಳಿಗೆ ತಾಗುವಷ್ಟು ಕೆಳಗೆ ಹೋಗುವುದು, ಬೇರೆ ದಾರಿ ಇರಲಿಲ್ಲ.

ಮತ್ತೆ ಅಷ್ಟು ನಿಧಾನದ ವಿಮಾನ ಯಾಕೆ ಬೇಕಿತ್ತು?

ದೂರಕ್ಕೆ. ಇದು ಸುಮಾರು 4,000 ಕಿಲೋಮೀಟರ್ ಹಾರಬಲ್ಲದು. ಪೆಸಿಫಿಕ್ ಸಾಗರದಲ್ಲಿ ಆ ಕಾಲಕ್ಕೆ ಅದೇ ಎಲ್ಲಕ್ಕಿಂತ ದೊಡ್ಡ ಗುಣ. ರನ್‌ವೇ ಬೇಡ, ಶಾಂತವಾದ ಒಂದು ಕೊಲ್ಲಿ ಇದ್ದರೆ ಸಾಕು. ಉಪಗ್ರಹ ಇಲ್ಲ, ರಾಡಾರ್ ಇನ್ನೂ ಎಳೆಯದು. ಸಮುದ್ರದಲ್ಲಿ ಹಡಗು ಎಲ್ಲಿದೆ ಅಂತ ಗೊತ್ತಾಗಬೇಕಾದರೆ ಯಾರಾದರೂ ಹೋಗಿ ಕಣ್ಣಾರೆ ನೋಡಿ ಬರಬೇಕು.

ಒಂದು ವಿಮಾನದಲ್ಲಿ ಎಷ್ಟು ಜನ ಇರುತ್ತಿದ್ದರು? ದಿನವಿಡೀ ಏನು ಮಾಡುತ್ತಿದ್ದರು?

ಸಾಮಾನ್ಯವಾಗಿ ಎಂಟರಿಂದ ಹತ್ತು ಜನ. ಪೈಲಟ್‌ಗಳು, ನ್ಯಾವಿಗೇಟರ್, ರೇಡಿಯೋದವರು, ಮೆಕ್ಯಾನಿಕ್‌ಗಳು, ಮೆಷಿನ್‌ಗನ್ ಹಿಡಿಯುವವರು. ಒಬ್ಬನೇ ಎರಡು ಮೂರು ಕೆಲಸ ಕಲಿತಿರುತ್ತಿದ್ದ. ಒಬ್ಬ ಮೆಕ್ಯಾನಿಕ್‌ಗೆ ಜಾಗ ಇದ್ದದ್ದು ರೆಕ್ಕೆ ಮತ್ತು ದೋಣಿಯನ್ನು ಸೇರಿಸುವ ಆ ಕಂಬದೊಳಗೆ. ಅಲ್ಲಿ ಕೂತು ಎಂಜಿನ್‌ಗಳ ಮೀಟರ್ ನೋಡುತ್ತಾ ಇರಬೇಕು.

ವಿಮಾನದ ಬೆನ್ನಿನ ಎರಡೂ ಬದಿಗೆ ಗುಳ್ಳೆಯಂತೆ ಉಬ್ಬಿದ ಗಾಜಿನ ಕಿಟಕಿಗಳಿದ್ದವು. ಮೆಷಿನ್‌ಗನ್ ಇದ್ದದ್ದೂ ಅಲ್ಲೇ, ಸಮುದ್ರ ಚೆನ್ನಾಗಿ ಕಾಣುತ್ತಿದ್ದದ್ದೂ ಅಲ್ಲಿಂದಲೇ, ಮುಳುಗುತ್ತಿದ್ದವರನ್ನು ಒಳಕ್ಕೆ ಎಳೆದುಕೊಂಡದ್ದೂ ಅಲ್ಲಿಂದಲೇ. ಒಳಗೆ ಮಲಗಲು ಬಂಕ್ ಇತ್ತು, ಕಾಫಿ ಕಾಯಿಸಲು, ಏನಾದರೂ ಬಿಸಿ ಮಾಡಿಕೊಳ್ಳಲು ವಿದ್ಯುತ್ ಒಲೆ ಇತ್ತು. ಆರಾಮ ಅನ್ನಿಸುತ್ತೆ ಅಲ್ವಾ? ಹನ್ನೆರಡು ಗಂಟೆ ಎಂಜಿನ್ ಸದ್ದಿನಲ್ಲಿ, ಪೆಟ್ರೋಲ್ ವಾಸನೆಯಲ್ಲಿ, ಬಿಸಿಲಿಗೆ ಹೊಳೆಯುವ ನೀರನ್ನು ದಿಟ್ಟಿಸಿ ನೋಡುತ್ತಾ ಇರುವುದು ಆರಾಮ ಅಲ್ಲ. ಬಹುತೇಕ ದಿನ ಏನೂ ಕಾಣುವುದಿಲ್ಲ. ಏನೂ ಕಾಣಲಿಲ್ಲ ಅನ್ನೋದೂ ಒಂದು ವರದಿಯೇ, ಆ ದಿಕ್ಕಿನಿಂದ ಇವತ್ತು ಶತ್ರು ಬರುತ್ತಿಲ್ಲ ಅಂತ ಅರ್ಥ. ಆದರೆ ಹಾಗೆ ಹೇಳಬೇಕಾದರೆ ನಿಜವಾಗಿಯೂ ನೋಡಿರಬೇಕು, ನಿದ್ದೆ ಹೊಡೆದಿರಬಾರದು.

ಇಷ್ಟೆಲ್ಲಾ ಗಸ್ತು ವಿಮಾನ ಇದ್ದೂ ಪರ್ಲ್ ಹಾರ್ಬರ್ ದಾಳಿ ಮೊದಲೇ ಯಾಕೆ ಗೊತ್ತಾಗಲಿಲ್ಲ?

ಎಲ್ಲರೂ ಕೇಳುವ ಪ್ರಶ್ನೆ ಇದು. ಹವಾಯಿಯ ಸುತ್ತ 360 ಡಿಗ್ರಿ, ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ತನಕ, ದಿನಾ ಹುಡುಕುವಷ್ಟು ವಿಮಾನಗಳು ಇರಲಿಲ್ಲ. ಇದ್ದವನ್ನೂ ದಿನಾ ಹಾರಿಸಿದರೆ ಎಂಜಿನ್ ಸವೆಯುತ್ತದೆ, ಬಿಡಿಭಾಗ ಇಲ್ಲ, ಬದಲಿ ಸಿಬ್ಬಂದಿ ಇಲ್ಲ. ಯುದ್ಧ ಶುರುವಾದ ಮೇಲೆ ಬೇಕಾಗುತ್ತದೆ ಅಂತ ಉಳಿಸಿಕೊಂಡರು. ಜಪಾನಿನ ನೌಕೆಗಳು ಉತ್ತರದಿಂದ ಬಂದವು, ಆ ಕಡೆ ಅವತ್ತು ಯಾರೂ ಹೋಗಿರಲಿಲ್ಲ.

ಬೇಸರದ ಸಂಗತಿ ಏನೆಂದರೆ, ಅಪಾಯ ಇಂಥದ್ದೇ ಅಂತ ಮೊದಲೇ ಬರೆದಿಟ್ಟಿದ್ದರು. ಗಸ್ತು ವಿಮಾನಗಳ ಮುಖ್ಯಸ್ಥ ಪ್ಯಾಟ್ರಿಕ್ ಬೆಲ್ಲಿಂಜರ್ ಮತ್ತು ಸೇನಾ ವಾಯುಪಡೆಯ ಫ್ರೆಡರಿಕ್ ಮಾರ್ಟಿನ್ 1941ರ ಮಾರ್ಚ್‌ನಲ್ಲೇ ಒಂದು ವರದಿ ಕೊಟ್ಟು, ವಿಮಾನವಾಹಕ ನೌಕೆಗಳಿಂದ ಬೆಳಗಿನ ಜಾವ ದಾಳಿ ಆಗಬಹುದು ಅಂದಿದ್ದರು. ಆದದ್ದೂ ಹಾಗೆಯೇ.

ಡಿಸೆಂಬರ್ 7ರ ಬೆಳಗ್ಗೆ ಪರ್ಲ್ ಹಾರ್ಬರ್‌ನಲ್ಲಿ ಮೊದಲ ಬಾಂಬುಗಳು ಬಿದ್ದದ್ದು ಫೋರ್ಡ್ ದ್ವೀಪದ ಸೀಪ್ಲೇನ್ ನೆಲೆಯ ಮೇಲೆ. ‘ಪರ್ಲ್ ಹಾರ್ಬರ್ ಮೇಲೆ ವಾಯುದಾಳಿ, ಇದು ಅಭ್ಯಾಸ ಅಲ್ಲ’ ಎಂಬ ರೇಡಿಯೋ ಸಂದೇಶ ಕಳಿಸಿದ ಲೋಗನ್ ರ್‍ಯಾಮ್ಸಿ ಕೂಡ ಗಸ್ತು ವಿಮಾನ ವಿಭಾಗದ ಅಧಿಕಾರಿಯೇ. ಪರ್ಲ್ ಹಾರ್ಬರ್ ಇರುವ ಓವಾಹು ದ್ವೀಪದ ಇನ್ನೊಂದು ಬದಿಯ ಕನಿಯೋಹೆ ನೆಲೆಯಲ್ಲಿ 36 ಕ್ಯಾಟಲಿನಾಗಳ ಪೈಕಿ 27 ನಾಶ, 6ಕ್ಕೆ ಹಾನಿ. ಉಳಿದ ಮೂರು ಉಳಿದದ್ದು ಅವು ಗಸ್ತಿಗೆ ಹೋಗಿದ್ದರಿಂದ. ದಾಳಿ ಮಾಡಿದವರು ಇವನ್ನೇ ಗುರಿಯಿಟ್ಟು ಹೊಡೆದರು. ಯಾಕೆ? ತಮ್ಮ ನೌಕೆಗಳ ಬೆನ್ನು ಹತ್ತಿ ಹುಡುಕಬಲ್ಲ ಕಣ್ಣುಗಳು ಇವೇ ಅಂತ ಅವರಿಗೆ ಗೊತ್ತಿತ್ತು.

ಮಿಡ್‌ವೇಯಲ್ಲಿ ವಿಪಿ-23 ಏನು ಮಾಡಿತು?

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

1942ರ ಮೇ ಹೊತ್ತಿಗೆ ಅಮೆರಿಕದ ಗೂಢಲಿಪಿ ತಂಡ ಜಪಾನಿನ ಸಂದೇಶಗಳನ್ನು ಒಡೆದು, ಮುಂದಿನ ಗುರಿ ಮಿಡ್‌ವೇ ಅಂತ ಕಂಡುಕೊಂಡಿತ್ತು. ಇದನ್ನು ಕೇಳಿದವರು ಎಲ್ಲಾ ಗೊತ್ತಿತ್ತಲ್ಲ, ಮತ್ತೆ ಗಸ್ತು ಯಾಕೆ ಅನ್ನುತ್ತಾರೆ. ಸುಮಾರು ಯಾವಾಗ, ಸುಮಾರು ಯಾವ ಕಡೆಯಿಂದ ಅನ್ನೋದು ಗೊತ್ತಿತ್ತು. ಆದರೆ ದಾಳಿಗೆ ವಿಮಾನ ಕಳಿಸಬೇಕಾದರೆ ಸುಮಾರು ಸಾಕಾಗುವುದಿಲ್ಲ. ಈ ಹೊತ್ತಿಗೆ, ಈ ಜಾಗದಲ್ಲಿ, ಈ ದಿಕ್ಕಿಗೆ ಹೋಗುತ್ತಿದೆ ಅಂತ ಬೇಕು.

ಹಾಗಾಗಿ ಆ ಪುಟ್ಟ ದ್ವೀಪಕ್ಕೆ ಸುಮಾರು 30 ಕ್ಯಾಟಲಿನಾಗಳನ್ನು ತಂದು ತುಂಬಿದರು. ವಿಪಿ-23 ಬಂತು, ಅದರ ಮುಖ್ಯಸ್ಥ ಫ್ರಾನ್ಸಿಸ್ ಮ್ಯಾಸಿ ಹ್ಯೂಸ್. ವಿಪಿ-44 ಬಂತು, ಬೇರೆ ಸ್ಕ್ವಾಡ್ರನ್‌ಗಳಿಂದಲೂ ಒಂದಿಷ್ಟು ವಿಮಾನ ಬಂದವು. ಸಮುದ್ರವನ್ನು ಪಿಜ್ಜಾ ತುಂಡಿನ ಹಾಗೆ ಹೋಳು ಮಾಡಿ ಒಂದೊಂದು ವಿಮಾನಕ್ಕೆ ಒಂದೊಂದು ಹೋಳು ಕೊಟ್ಟರು. ಬೆಳಗಿನ ಜಾವ ನಾಲ್ಕೂಕಾಲಿಗೆ ಹೊರಡಬೇಕು, ಸುಮಾರು 1,300 ಕಿಲೋಮೀಟರ್ ನೇರ ಹೋಗಬೇಕು, ಅಡ್ಡ ಸ್ವಲ್ಪ ಹಾರಬೇಕು, ಇನ್ನೊಂದು ಗೆರೆಯಲ್ಲಿ ವಾಪಸ್ ಬರಬೇಕು. ಮಾರನೇ ದಿನ ಮತ್ತೆ ಅದೇ.

ಜೂನ್ 3ರಂದು ವಿಪಿ-44ರ ಜ್ಯಾಕ್ ರೀಡ್ ಪಶ್ಚಿಮದಲ್ಲಿ ಹಡಗುಗಳ ಸಾಲು ಕಂಡು ಇದೇ ಮುಖ್ಯ ಪಡೆ ಅಂತ ವರದಿ ಮಾಡಿದ. ಅದು ಸೈನಿಕರನ್ನು ಹೊತ್ತು ತರುತ್ತಿದ್ದ ಸಾಗಾಟದ ಪಡೆ. ಪರ್ಲ್ ಹಾರ್ಬರ್‌ನಲ್ಲಿ ಕೂತಿದ್ದ ಪೆಸಿಫಿಕ್ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ನಿಮಿಟ್ಸ್ ಇದು ಹೊಡೆಯುವ ಪಡೆ ಅಲ್ಲ, ಅದು ವಾಯವ್ಯದಿಂದ ಬರುತ್ತದೆ ಅಂತ ತನ್ನ ನೌಕೆಗಳಿಗೆ ಎಚ್ಚರಿಕೆ ಕೊಟ್ಟರು.

ಜೂನ್ 4ರ ಬೆಳಗ್ಗೆ ವಾಯವ್ಯದ ಹೋಳುಗಳಲ್ಲಿ ಇದ್ದವರು ವಿಪಿ-23ರ ಹೊವರ್ಡ್ ಏಡಿ ಮತ್ತು ವಿಲಿಯಂ ಚೇಸ್. ಬೆಳಗ್ಗೆ ಐದೂವರೆ ಸುಮಾರಿಗೆ ಏಡಿಗೆ ಮೋಡಗಳ ನಡುವೆ ವಿಮಾನವಾಹಕ ನೌಕೆಗಳು ಕಂಡವು. ಕೂಡಲೇ ಸಂದೇಶ ಕಳಿಸಿ ಮೋಡದೊಳಗೆ ಹೊಕ್ಕ, ಮತ್ತೆ ಹೊರಗೆ ಬಂದು ನೋಡಿದ. ಪಕ್ಕದ ಹೋಳಿನಲ್ಲಿದ್ದ ಚೇಸ್‌ಗೆ ಕಂಡದ್ದು ಆಕಾಶದ ತುಂಬಾ ವಿಮಾನ, ಎಲ್ಲವೂ ಮಿಡ್‌ವೇ ಕಡೆಗೆ. ಬಹಳಷ್ಟು ವಿಮಾನಗಳು ಮಿಡ್‌ವೇಗೆ ಹೊರಟಿವೆ ಅಂತ ಗೂಢಲಿಪಿ ಗೀಡಲಿಪಿ ಏನೂ ಇಲ್ಲದೆ ನೇರ ಇಂಗ್ಲಿಷಿನಲ್ಲೇ ಹೇಳಿದ. ಸಂಕೇತಕ್ಕೆ ತಿರುಗಿಸುತ್ತಾ ಕೂರಲು ಸಮಯ ಎಲ್ಲಿತ್ತು?

ಸ್ವಲ್ಪ ಹೊತ್ತಿಗೆ ಎರಡು ವಿಮಾನವಾಹಕ ಮತ್ತು ಯುದ್ಧನೌಕೆಗಳು, ಮಿಡ್‌ವೇಯಿಂದ 180 ಮೈಲಿ, ಇಂಥ ದಿಕ್ಕು, ಇಂಥ ವೇಗ ಅನ್ನೋ ವಿವರವೂ ಬಂತು. ಮಿಡ್‌ವೇಯ ರಾಡಾರ್ ಕೂಡ ಅದೇ ಹೊತ್ತಿಗೆ ವಿಮಾನಗಳನ್ನು ಹಿಡಿಯಿತು. ಆರು ಗಂಟೆ ದಾಟುವಷ್ಟರಲ್ಲಿ ದ್ವೀಪದ ಹಾರಬಲ್ಲ ವಿಮಾನಗಳೆಲ್ಲಾ ಮೇಲೆದ್ದಿದ್ದವು. ಆರೂವರೆಗೆ ಬಾಂಬ್ ಬೀಳಲು ಶುರುವಾದಾಗ ನೆಲದ ಮೇಲೆ ಸಾಲಾಗಿ ನಿಂತ ಗುರಿಗಳು ಅವರಿಗೆ ಸಿಗಲಿಲ್ಲ. ಆರು ತಿಂಗಳ ಹಿಂದಿನ ಪರ್ಲ್ ಹಾರ್ಬರ್‌ಗೂ ಇದಕ್ಕೂ ವ್ಯತ್ಯಾಸ ಇಷ್ಟೇ, ಈ ಸಲ ಯಾರೋ ಹೊರಗೆ ಹೋಗಿ ನೋಡುತ್ತಿದ್ದರು.

ಆ ವರದಿ ಪೂರ್ತಿ ಸರಿಯಾಗಿತ್ತಾ?

ಇಲ್ಲ. ಇದ್ದದ್ದು ನಾಲ್ಕು ವಿಮಾನವಾಹಕಗಳು: ಅಕಾಗಿ, ಕಾಗಾ, ಸೋರ್‍ಯು, ಹಿರ್‍ಯು. ವರದಿಯಲ್ಲಿ ಎರಡೇ. ಕೊಟ್ಟ ಜಾಗವೂ ಸುಮಾರು 40 ಮೈಲಿ ತಪ್ಪು. ಅದಾದ ಮೇಲೆ ಬಹಳ ಹೊತ್ತು ಹೊಸ ವರದಿ ಬರಲಿಲ್ಲ, ಅಮೆರಿಕದ ವಿಮಾನವಾಹಕ ಎಂಟರ್‌ಪ್ರೈಸ್‌ನ ಡೈವ್ ಬಾಂಬರ್‌ಗಳು ಹೇಳಿದ ಜಾಗಕ್ಕೆ ಹೋದಾಗ ಅಲ್ಲಿ ಖಾಲಿ ನೀರಿತ್ತು. ಅವರ ಮುಖ್ಯಸ್ಥ ವೇಡ್ ಮೆಕ್‌ಕ್ಲಸ್ಕಿ ಬಿಡದೆ ಹುಡುಕಿ, ಒಂಟಿಯಾಗಿ ಓಡುತ್ತಿದ್ದ ಒಂದು ಜಪಾನಿ ಡಿಸ್ಟ್ರಾಯರ್ ಹೋಗುವ ದಿಕ್ಕು ನೋಡಿ ಕಂಡುಕೊಂಡ.

ಇದನ್ನು ಹಿಡಿದು ಕೆಲವರು ಗಸ್ತಿನವರನ್ನು ಆಡಿಕೊಳ್ಳುತ್ತಾರೆ. ನನಗೆ ಇದು ಅನ್ಯಾಯ ಅನ್ನಿಸುತ್ತದೆ. ಕೆಳಗೆ ನೀರು, ಸುತ್ತ ಮೋಡ, ಗುರುತಿಗೆ ಒಂದು ಬಂಡೆಯೂ ಇಲ್ಲ. ಗಾಳಿ ಎಷ್ಟು ತಳ್ಳಿದೆ ಅಂತ ಅಂದಾಜು ಮಾಡಿ, ಗಡಿಯಾರ ಮತ್ತು ಪೆನ್ಸಿಲ್ ಇಟ್ಟುಕೊಂಡು ಲೆಕ್ಕ ಹಾಕಬೇಕು, ಅದೂ ಫೈಟರ್ ಯಾವಾಗ ಬಂದೀತೋ ಅನ್ನುವ ಭಯದಲ್ಲಿ. 40 ಮೈಲಿ ತಪ್ಪಾದ ವರದಿಯಿಂದಲೇ ಮೂರು ಅಮೆರಿಕನ್ ವಿಮಾನವಾಹಕಗಳು ಯಾವ ಕಡೆ ತಿರುಗಬೇಕು ಅಂತ ನಿರ್ಧಾರ ಮಾಡಿದವು. ನಾಲ್ಕೂ ಜಪಾನಿ ವಿಮಾನವಾಹಕಗಳು ಮುಳುಗಿದವು.

ಹಾಗಾದರೆ ಕ್ಯಾಟಲಿನಾಗಳು ಬಾಂಬ್ ಹಾಕಲೇ ಇಲ್ವಾ?

ಹಾಕಿದವು. ಮಿಡ್‌ವೇಯಲ್ಲೇ ಒಂದು ವಿಚಿತ್ರ ಪ್ರಯೋಗ ನಡೆಯಿತು. ಜೂನ್ 3ರ ರಾತ್ರಿ ನಾಲ್ಕು ಕ್ಯಾಟಲಿನಾಗಳ ರೆಕ್ಕೆಗೆ ಟಾರ್ಪಿಡೊ ಕಟ್ಟಿ ಆ ಸಾಗಾಟದ ಪಡೆಯ ಮೇಲೆ ಕಳಿಸಿದರು. ಮುಂದಾಳು ವಿಪಿ-44ರ ವಿಲಿಯಂ ರಿಚರ್ಡ್ಸ್. ಸಿಬ್ಬಂದಿ ಅವತ್ತಷ್ಟೇ ಪರ್ಲ್ ಹಾರ್ಬರ್‌ನಿಂದ ಹಾರಿ ಬಂದು ಸುಸ್ತಾಗಿದ್ದರು. ನಡುರಾತ್ರಿ ದಾಟಿದ ಮೇಲೆ ದಾಳಿ ಮಾಡಿದರು, ಒಂದು ಟಾರ್ಪಿಡೊ ಅಕೆಬೊನೊ ಮಾರು ಎಂಬ ತೈಲ ಹಡಗಿಗೆ ಬಡಿಯಿತು. ಹಡಗು ಮುಳುಗಲಿಲ್ಲ. ಆದರೆ ತಮಾಷೆ ನೋಡಿ, ಇಡೀ ಮಿಡ್‌ವೇ ಯುದ್ಧದಲ್ಲಿ ಅಮೆರಿಕದ ವಿಮಾನಗಳು ಹಾಕಿದ ಟಾರ್ಪಿಡೊಗಳ ಪೈಕಿ ಗುರಿಗೆ ಬಡಿದದ್ದು ಅದೊಂದೇ.

ಸೊಲೊಮನ್ ದ್ವೀಪಗಳಲ್ಲಿ ಜೀವನ ಹೇಗಿತ್ತು?

ಕಷ್ಟ. 1942ರ ಆಗಸ್ಟ್‌ನಲ್ಲಿ ಸೊಲೊಮನ್‌ನ ಗ್ವಾಡಲ್‌ಕೆನಾಲ್ ದ್ವೀಪಕ್ಕಾಗಿ ಹೋರಾಟ ಶುರುವಾದಾಗ ವಿಪಿ-23 ಅದರ ಆಗ್ನೇಯಕ್ಕಿರುವ ಎಸ್ಪಿರಿಟು ಸಾಂಟೊ ದ್ವೀಪದ ಕಡೆಗೆ ಬಂತು. ಅಲ್ಲಿ ಸಿದ್ಧವಾದ ನೆಲೆ ಇರಲಿಲ್ಲ, ನೆಲೆ ಅಂದರೆ ಹಡಗೇ. ಕರ್ಟಿಸ್, ಮ್ಯಾಕಿನ್ಯಾಕ್, ಮೆಕ್‌ಫರ್ಲ್ಯಾಂಡ್ ಇಂಥ ಹೆಸರಿನ ಸೀಪ್ಲೇನ್ ಟೆಂಡರ್‌ಗಳು ಒಂದು ಕೊಲ್ಲಿಯಲ್ಲಿ ಲಂಗರು ಹಾಕುತ್ತಿದ್ದವು. ವಿಮಾನಗಳು ಸುತ್ತ ತೇಲುವ ಬೋಯಾಗಳಿಗೆ ಕಟ್ಟಿಕೊಂಡು ನಿಲ್ಲುತ್ತಿದ್ದವು. ಇಂಧನ, ಬಾಂಬು, ಊಟ, ರಿಪೇರಿ ಎಲ್ಲಾ ಆ ಹಡಗಿನಿಂದಲೇ. ತೇಲುತ್ತಿರುವ ವಿಮಾನದ ಎಂಜಿನ್ ರಿಪೇರಿ ಮಾಡುವಾಗ ಸ್ಪ್ಯಾನರ್ ಕೈ ಜಾರಿದರೆ ನೇರ ಸಮುದ್ರದ ತಳಕ್ಕೆ. ರಾತ್ರಿ ಗಾಳಿ ಜೋರಾದರೆ ವಿಮಾನದಲ್ಲಿ ಯಾರಾದರೂ ಕಾವಲು ಕೂರಬೇಕು. ಜೊತೆಗೆ ಮಲೇರಿಯಾ, ಉಪ್ಪುನೀರಿಗೆ ಹಿಡಿಯುವ ತುಕ್ಕು.

ಈ ಟೆಂಡರ್‌ಗಳ ಬಗ್ಗೆ ಯಾರೂ ಮಾತಾಡುವುದಿಲ್ಲ. ಆದರೆ ಗಸ್ತು ಸ್ಕ್ವಾಡ್ರನ್ ಅಷ್ಟು ಬೇಗ ಹೊಸ ಜಾಗಕ್ಕೆ ಹೋಗಿ ಕೆಲಸ ಶುರು ಮಾಡಲು ಸಾಧ್ಯವಾದದ್ದೇ ಇವುಗಳಿಂದ. ಮ್ಯಾಕಿನ್ಯಾಕ್ ಸಾಂಟಾ ಕ್ರೂಸ್ ದ್ವೀಪಗಳ ಎಂಡೆನಿಯವರೆಗೂ ಹೋಗಿ ನಿಂತಿತ್ತು, ಅಲ್ಲಿಂದ ವಿಮಾನಗಳು ಇನ್ನೂ ಮುಂದಕ್ಕೆ ಹುಡುಕಬಹುದಿತ್ತು.

ಅಲ್ಲಿ ಏನು ಕಂಡುಹಿಡಿದರು?

ಆಗಸ್ಟ್ 23ರ ಬೆಳಗ್ಗೆ ಒಂದು ಕ್ಯಾಟಲಿನಾ ಗ್ವಾಡಲ್‌ಕೆನಾಲ್‌ಗೆ ಸೈನಿಕರನ್ನು ತರುತ್ತಿದ್ದ ಜಪಾನಿನ ಅಡ್ಮಿರಲ್ ತನಕಾ ಅವರ ಪಡೆಯನ್ನು ಕಂಡಿತು. ಅಮೆರಿಕದ ವಿಮಾನವಾಹಕ ಸರಟೋಗಾದಿಂದ ದಾಳಿಗೆ ವಿಮಾನ ಹೊರಟವು, ಆದರೆ ಏನೂ ಸಿಗಲಿಲ್ಲ. ಯಾಕೆಂದರೆ ತಮ್ಮನ್ನು ಯಾರೋ ನೋಡಿದ್ದಾರೆ ಅಂತ ಗೊತ್ತಾಗಿ ತನಕಾ ಹಡಗುಗಳನ್ನು ತಿರುಗಿಸಿಕೊಂಡು ಹೋಗಿದ್ದರು. ಗಸ್ತಿನ ಕೆಲಸದ ಒಂದು ಗೋಜಲು ಇದು. ನೀವು ಅವರನ್ನು ನೋಡುವಾಗ ಅವರೂ ನಿಮ್ಮನ್ನು ನೋಡುತ್ತಾರೆ. ಮಾರನೇ ದಿನ ಜಪಾನಿನ ರ್‍ಯೂಜೋ ವಿಮಾನವಾಹಕ ಕಂಡಿತು, ಅದನ್ನು ಮುಳುಗಿಸಿದರು.

ಕಂಡರೂ ಸುದ್ದಿ ತಲುಪದ ಉದಾಹರಣೆಯೂ ಇದೆ. ಅಕ್ಟೋಬರ್ 26ರ ಸಾಂಟಾ ಕ್ರೂಸ್ ಯುದ್ಧದ ನಡುರಾತ್ರಿ ಮೂರು ಗಂಟೆ ಸುಮಾರಿಗೆ ಕ್ಯಾಟಲಿನಾಗಳು ಜಪಾನಿನ ವಿಮಾನವಾಹಕಗಳನ್ನು ಕಂಡವು, ಅವುಗಳಲ್ಲಿ ಒಂದಾದ ಝುಯಿಕಾಕು ಪಕ್ಕದಲ್ಲೇ ಬಾಂಬ್ ಕೂಡ ಬಿತ್ತು. ಆದರೆ ಆ ವರದಿ ಅಮೆರಿಕದ ಪಡೆಯ ಮುಖ್ಯಸ್ಥ ಅಡ್ಮಿರಲ್ ಕಿಂಕೇಡ್ ಅವರ ಕೈ ಸೇರಿದ್ದು ಬೆಳಗ್ಗೆ ಐದು ದಾಟಿದ ಮೇಲೆ, ಎರಡು ಗಂಟೆ ತಡವಾಗಿ. ವಿಮಾನದಿಂದ ಟೆಂಡರ್, ಟೆಂಡರ್‌ನಿಂದ ಕೇಂದ್ರ, ಅಲ್ಲಿಂದ ಯುದ್ಧನೌಕೆ, ಹೀಗೆ ಸುತ್ತಿ ಬರಬೇಕಿತ್ತು. ಎರಡು ಗಂಟೆಯಲ್ಲಿ ಒಂದು ವಿಮಾನವಾಹಕ ಸುಮಾರು 100 ಕಿಲೋಮೀಟರ್ ಹೋಗಿಬಿಡುತ್ತದೆ.

‘ಕಪ್ಪು ಬೆಕ್ಕು’ಗಳು ಅಂದರೆ ಇವರೇನಾ?

ಬ್ಲ್ಯಾಕ್ ಕ್ಯಾಟ್ಸ್ ಅನ್ನೋ ಹೆಸರು ಮೊದಲು ಅಂಟಿದ್ದು ವಿಪಿ-12ಕ್ಕೆ. 1942ರ ಡಿಸೆಂಬರ್‌ನಲ್ಲಿ ಅವರು ಗ್ವಾಡಲ್‌ಕೆನಾಲ್‌ನ ಹೆಂಡರ್ಸನ್ ಫೀಲ್ಡ್‌ಗೆ ಬಂದು ವಿಮಾನಕ್ಕೆ ಕಪ್ಪು ಬಣ್ಣ ಬಳಿದು ರಾತ್ರಿ ಮಾತ್ರ ಹಾರಿದರು. ಹಗಲಲ್ಲಿ ನಿಧಾನದ ವಿಮಾನ ಸುಲಭದ ಬೇಟೆ. ರಾತ್ರಿ, ರಾಡಾರ್ ಇಟ್ಟುಕೊಂಡು ಹೋದರೆ ಲೆಕ್ಕ ತಿರುಗಾ ಮುರುಗಾ. ಆಮೇಲೆ ಬೇರೆ ಸ್ಕ್ವಾಡ್ರನ್‌ಗಳೂ ಅದೇ ದಾರಿ ಹಿಡಿದವು. ಹಡಗು ಮುಳುಗಿಸಿದ ಲೆಕ್ಕ ಬೇಕಾದವರು ಅವರ ಚರಿತ್ರೆ ಓದಬೇಕು.

ವಿಪಿ ಇದ್ದದ್ದು ವಿಪಿಬಿ ಯಾಕಾಯಿತು?

1944ರ ಅಕ್ಟೋಬರ್ 1ರಂದು ನೌಕಾಪಡೆ ಗಸ್ತು ಸ್ಕ್ವಾಡ್ರನ್‌ಗಳನ್ನೂ ನೆಲದಿಂದ ಹಾರುವ ಬಾಂಬರ್ ಸ್ಕ್ವಾಡ್ರನ್‌ಗಳನ್ನೂ ಒಂದೇ ಹೆಸರಿನ ಕೆಳಗೆ ತಂದಿತು: ಗಸ್ತು ಬಾಂಬರ್ ಸ್ಕ್ವಾಡ್ರನ್. ವಿಪಿ-23 ಹೋಗಿ ವಿಪಿಬಿ-23 ಆಯಿತು.

ಇಂಡಿಯಾನಾಪೊಲಿಸ್ ಘಟನೆಯಲ್ಲಿ ಇವರ ಪಾತ್ರ ಏನು?

ಇಂಡಿಯಾನಾಪೊಲಿಸ್ ಅಮೆರಿಕದ ಒಂದು ಕ್ರೂಸರ್, ಅಂದರೆ ದೊಡ್ಡ ಯುದ್ಧನೌಕೆ. 1945ರ ಜುಲೈ 26ರಂದು ಟಿನಿಯನ್ ದ್ವೀಪಕ್ಕೆ ಅಣುಬಾಂಬಿನ ಭಾಗಗಳನ್ನು ತಲುಪಿಸಿ, ಆಮೇಲೆ ಫಿಲಿಪೈನ್ಸ್‌ನ ಲೇಟೆ ಕಡೆಗೆ ಹೋಗುತ್ತಿತ್ತು. ಜುಲೈ 30ರ ನಡುರಾತ್ರಿ ಜಪಾನಿನ ಐ-58 ಸಬ್‌ಮರೀನ್ ಹೊಡೆದ ಟಾರ್ಪಿಡೊಗೆ ಸುಮಾರು 12 ನಿಮಿಷದಲ್ಲಿ ಮುಳುಗಿತು. ಹಡಗಿನಲ್ಲಿದ್ದವರು ಸುಮಾರು 1,195 ಜನ, ಅವರಲ್ಲಿ ಸುಮಾರು 900 ಜನ ಜೀವಂತವಾಗಿ ನೀರಿಗೆ ಬಿದ್ದರು. ಹಡಗು ಬರದಿದ್ದರೂ ಯಾರೂ ಹುಡುಕಲಿಲ್ಲ. ದಿನಗಟ್ಟಲೆ ಬಿಸಿಲು, ಬಾಯಾರಿಕೆ, ಶಾರ್ಕ್‌ಗಳು.

ಆಗಸ್ಟ್ 2ರ ಬೆಳಗ್ಗೆ ವಿಪಿಬಿ-152ರ ವಿಲ್ಬರ್ ಗ್ವಿನ್ ಪೆಲೆಲಿಯು ದ್ವೀಪದ ನೆಲೆಯಿಂದ ವೆಂಚುರಾ ವಿಮಾನದಲ್ಲಿ ಮಾಮೂಲಿ ಗಸ್ತಿಗೆ ಹೊರಟಿದ್ದ. ಆಂಟೆನಾ ತೊಂದರೆ ಕೊಡುತ್ತಿತ್ತು, ನೋಡೋಣ ಅಂತ ಹಿಂದೆ ಹೋದವನಿಗೆ ಕೆಳಗೆ ನೀರಿನ ಮೇಲೆ ತೈಲದ ಪಟ್ಟೆ ಕಂಡಿತು. ಸಬ್‌ಮರೀನ್ ಇರಬೇಕು ಅಂತ ದಾಳಿಗೆ ಕೆಳಗಿಳಿದ. ನೋಡಿದರೆ ಮನುಷ್ಯರ ತಲೆಗಳು.

ಸುದ್ದಿ ಪೆಲೆಲಿಯುಗೆ ಬಂತು. ವಿಪಿಬಿ-23ರ ಏಡ್ರಿಯನ್ ಮಾರ್ಕ್ಸ್ ಕ್ಯಾಟಲಿನಾ ತೆಗೆದುಕೊಂಡು ಹೊರಟ. ಯುದ್ಧಕ್ಕೆ ಮೊದಲು ಇಂಡಿಯಾನಾ ರಾಜ್ಯದಲ್ಲಿ ವಕೀಲನಾಗಿದ್ದವನು ಇವನು. ದಾರಿಯಲ್ಲಿ ಸೆಸಿಲ್ ಜೆ. ಡಾಯ್ಲ್ ಅನ್ನೋ ಯುದ್ಧನೌಕೆ ಕಂಡಿತು, ವಿಷಯ ತಿಳಿಸಿದ. ಅದರ ಕ್ಯಾಪ್ಟನ್ ಗ್ರಹಾಂ ಕ್ಲೇಟರ್ ಮೇಲಿನಿಂದ ಆದೇಶ ಬರುವ ತನಕ ಕಾಯದೆ ಹಡಗನ್ನು ಆ ಕಡೆ ತಿರುಗಿಸಿದ.

ಜಾಗಕ್ಕೆ ಬಂದು ರಾಫ್ಟ್‌ಗಳನ್ನು ಕೆಳಗೆ ಹಾಕಿದರು. ತೆರೆದ ಸಮುದ್ರದಲ್ಲಿ ಇಳಿಯಬಾರದು ಅಂತ ಸ್ಪಷ್ಟ ಆದೇಶ ಇತ್ತು. ಅಲೆಗಳು ಮೂರೂವರೆ ಮೀಟರ್ ಎತ್ತರ. ಆದರೆ ಒಬ್ಬೊಬ್ಬರಾಗಿ ಚದುರಿಹೋದವರನ್ನು ಶಾರ್ಕ್‌ಗಳು ಎಳೆದುಕೊಂಡು ಹೋಗುವುದು ಮೇಲಿನಿಂದಲೇ ಕಾಣುತ್ತಿತ್ತು. ಮಾರ್ಕ್ಸ್ ತನ್ನ ಸಿಬ್ಬಂದಿಯನ್ನು ಕೇಳಿದ, ಎಲ್ಲರೂ ಹೂಂ ಅಂದರು, ಇಳಿಸಿದ. ವಿಮಾನ ಅಲೆಗೆ ಬಡಿದು ಪುಟಿದು ಪುಟಿದು ನಿಂತಿತು. ರಿವೆಟ್‌ಗಳು ಕಿತ್ತು ಹೋಗಿ ತೂತುಗಳಿಂದ ನೀರು ನುಗ್ಗಿತು. ಆ ತೂತುಗಳಿಗೆ ಪೆನ್ಸಿಲ್ ತುರುಕಿದರು, ಬಿರುಕುಗಳಿಗೆ ಹತ್ತಿ ಗಿಡಿದರು.

ಮುಂದಿನ ನಿರ್ಧಾರ ಇನ್ನೂ ಕಷ್ಟದ್ದು. ರಾಫ್ಟ್ ಹಿಡಿದು ಗುಂಪಾಗಿ ಇದ್ದವರನ್ನು ಬಿಟ್ಟು, ಒಂಟಿಯಾಗಿ ತೇಲುತ್ತಿದ್ದವರನ್ನೇ ಮೊದಲು ಎತ್ತಿದರು. ಗುಂಪಿನವರು ರಾತ್ರಿ ಹೇಗೋ ಕಳೆಯಬಹುದು, ಒಂಟಿ ಮನುಷ್ಯ ಕಳೆಯಲಾರ ಅನ್ನೋ ಲೆಕ್ಕ. ಒಳಗೆ ಜಾಗ ತುಂಬಿತು. ಮಿಕ್ಕವರನ್ನು ರೆಕ್ಕೆಯ ಮೇಲೆ ಸಾಲಾಗಿ ಮಲಗಿಸಿ ಪ್ಯಾರಾಚೂಟ್ ಹಗ್ಗದಿಂದ ಕಟ್ಟಿದರು. ಒಟ್ಟು 56 ಜನ. ಇಷ್ಟು ಭಾರ ಹೊತ್ತು, ಮುರಿದ ಮೈಯಲ್ಲಿ ಆ ವಿಮಾನ ಮತ್ತೆ ಹಾರುವ ಪ್ರಶ್ನೆಯೇ ಇರಲಿಲ್ಲ. ಅದು ಸುಮ್ನೆ ತೇಲುವ ತೆಪ್ಪ ಆಗಿಬಿಟ್ಟಿತ್ತು.

ಕತ್ತಲಾದ ಮೇಲೆ ಡಾಯ್ಲ್ ಬಂತು. ಶತ್ರು ಸಬ್‌ಮರೀನ್‌ನ ಕಣ್ಣಿಗೆ ಬಿದ್ದೇವು ಅನ್ನೋ ಭಯ ಬಿಟ್ಟು ಕ್ಲೇಟರ್ ತನ್ನ ಸರ್ಚ್‌ಲೈಟನ್ನು ಆಕಾಶಕ್ಕೆ ಹಿಡಿದಿದ್ದ, ನೀರಿನಲ್ಲಿ ಇದ್ದವರಿಗೆ ಹಡಗು ಬರುತ್ತಿದೆ ಅಂತ ಗೊತ್ತಾಗಲಿ ಅಂತ. 56 ಜನರನ್ನೂ ಹಡಗಿಗೆ ದಾಟಿಸಿದರು. ಕೆಲಸಕ್ಕೆ ಬಾರದ ಕ್ಯಾಟಲಿನಾವನ್ನು ಬೆಳಗ್ಗೆ ಡಾಯ್ಲ್ ಗುಂಡು ಹೊಡೆದು ಮುಳುಗಿಸಿತು. ಇಡೀ ಇಂಡಿಯಾನಾಪೊಲಿಸ್‌ನಿಂದ ಬದುಕಿದವರು 316 ಜನ.

ಆದೇಶ ಮೀರಿದ್ದಕ್ಕೆ ಶಿಕ್ಷೆ ಆಯಿತಾ?

ಇಲ್ಲ, ಪದಕ ಸಿಕ್ಕಿತು. ಮಾರ್ಕ್ಸ್‌ಗೆ ಏರ್ ಮೆಡಲ್ ಕೊಟ್ಟರು. ಕ್ಲೇಟರ್ ಮುಂದೆ ಅಮೆರಿಕದ ನೌಕಾಪಡೆಯ ಕಾರ್ಯದರ್ಶಿಯೇ ಆದರು. ಮುಳುಗಿದ ಇಂಡಿಯಾನಾಪೊಲಿಸ್‌ನ ಕ್ಯಾಪ್ಟನ್ ಚಾರ್ಲ್ಸ್ ಮೆಕ್‌ವೇಗೆ ಮಾತ್ರ ಕೋರ್ಟ್ ಮಾರ್ಷಲ್ ಆಯಿತು, ಅವರ ಮೇಲಿನ ಕಳಂಕ ತೊಡೆಯಲು ಅಮೆರಿಕದ ಸಂಸತ್ತು 2000ನೇ ಇಸವಿಯ ತನಕ ತೆಗೆದುಕೊಂಡಿತು. ಇದು ಯಾವ ನ್ಯಾಯವೋ.

ಬೇರೆ ಕ್ಯಾಟಲಿನಾಗಳೂ ಹೀಗೆ ಜನರನ್ನು ಉಳಿಸಿವೆಯಾ?

ಬೇಕಾದಷ್ಟು. ಈ ಕೆಲಸಕ್ಕೆ ಡಂಬೋ ಅಂತಲೇ ಹೆಸರಿತ್ತು. 1944ರ ಫೆಬ್ರವರಿ 15ರಂದು ವಿಪಿ-34ರ ನೇಥನ್ ಗಾರ್ಡನ್ ಜಪಾನಿನ ಕೈಯಲ್ಲಿದ್ದ ಕವಿಯೆಂಗ್ ಬಂದರಿನ ಮುಂದೆ, ದಡದಿಂದ ಗುಂಡು ಬರುತ್ತಿರುವಾಗಲೇ, ನಾಲ್ಕು ಸಲ ಇಳಿದು 15 ವಾಯುಪಡೆಯವರನ್ನು ಎತ್ತಿಕೊಂಡು ಹೋದ. ಮೆಡಲ್ ಆಫ್ ಆನರ್ ಸಿಕ್ಕಿತು. ಊರಿಗೆ ಹೋಗಿ ಆರ್ಕನ್ಸಾ ರಾಜ್ಯದ ಲೆಫ್ಟಿನೆಂಟ್ ಗವರ್ನರ್ ಆಗಿ 20 ವರ್ಷ ಇದ್ದ.

ನಮ್ಮ ಕಡೆಗೂ ಇದಕ್ಕೂ ಏನಾದರೂ ಸಂಬಂಧ ಇದೆಯಾ?

ವಿಪಿ-23ಕ್ಕೆ ನೇರವಾಗಿ ಇಲ್ಲ, ಆದರೆ ಕ್ಯಾಟಲಿನಾಕ್ಕೆ ಇದೆ. ಮಿಡ್‌ವೇಗೆ ಎರಡು ತಿಂಗಳು ಮೊದಲು ಜಪಾನಿನ ಅಡ್ಮಿರಲ್ ನಗುಮೋ ಅವರ ಇದೇ ವಿಮಾನವಾಹಕ ಪಡೆ ಹಿಂದೂ ಮಹಾಸಾಗರಕ್ಕೆ ಬಂದಿತ್ತು. ಅಕಾಗಿ, ಸೋರ್‍ಯು, ಹಿರ್‍ಯು ಮೂರೂ ಇದ್ದವು. 1942ರ ಏಪ್ರಿಲ್ 4ರಂದು ಶ್ರೀಲಂಕಾದ ಕೊಗ್ಗಲದಿಂದ ಹಾರಿದ ಕೆನಡಾದ 413ನೇ ಸ್ಕ್ವಾಡ್ರನ್ನಿನ ಲೆನಾರ್ಡ್ ಬರ್ಚಾಲ್ ಅದನ್ನು ಕಂಡ. ಸಂದೇಶ ಕಳಿಸುತ್ತಿರುವಾಗಲೇ ಝೀರೋಗಳು ಅವನ ಕ್ಯಾಟಲಿನಾವನ್ನು ಹೊಡೆದು ಕೆಡವಿದವು, ಉಳಿದವರು ಸೆರೆ ಸಿಕ್ಕರು. ಮಾರನೇ ದಿನದ ದಾಳಿಗೆ ಕೊಲಂಬೊಗೆ ಮುನ್ನೆಚ್ಚರಿಕೆ ಸಿಕ್ಕಿದ್ದು ಆ ಸಂದೇಶದಿಂದ. ಏಡಿಗೆ ಮಿಡ್‌ವೇಯಲ್ಲಿ ಮೋಡ ಸಿಕ್ಕಿತು, ಬರ್ಚಾಲ್‌ಗೆ ಸಿಗಲಿಲ್ಲ.

ಇನ್ನೊಂದು ನಂಟು ಬೆಂಗಳೂರಿನದೇ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಜೊತೆ ಸೇರಿ 1940ರಲ್ಲಿ ಶುರು ಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಅಂದರೆ ಇವತ್ತಿನ ಎಚ್‌ಎಎಲ್, 1943ರಲ್ಲಿ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಗಿ 84ನೇ ಏರ್ ಡಿಪೋ ಆಯಿತು. ಅಲ್ಲಿ ಮೊದಲು ಪೂರ್ತಿ ಬಿಚ್ಚಿ ರಿಪೇರಿ ಮಾಡಿದ ವಿಮಾನ ಕ್ಯಾಟಲಿನಾ. ಸಮುದ್ರವೇ ಇಲ್ಲದ ಬೆಂಗಳೂರಿಗೆ ಅವು ಬಂದದ್ದು ಹೇಗೆ ಅಂತೀರಾ? ಬೆಳ್ಳಂದೂರು ಕೆರೆಗೆ ಇಳಿಯುತ್ತಿದ್ದವು. ಮುಂದೆ ನೊರೆಗೂ ಬೆಂಕಿಗೂ ಸುದ್ದಿಯಾದ ಅದೇ ಕೆರೆ.

ಯುದ್ಧದ ನಂತರ ಸ್ಕ್ವಾಡ್ರನ್ ಏನಾಯಿತು?

1946ರಲ್ಲಿ ವಿಸರ್ಜಿಸಿದರು. ಆಮೇಲೆ ವಿಪಿ-23 ಅನ್ನೋ ಸಂಖ್ಯೆ ಹೊತ್ತ ಇನ್ನೊಂದು ಸ್ಕ್ವಾಡ್ರನ್ 1990ರ ದಶಕದ ತನಕ ಇತ್ತು, ಆದರೆ ಅದರ ವಂಶಾವಳಿ ಬೇರೆ. ಇಂಟರ್ನೆಟ್‌ನಲ್ಲಿ ಹುಡುಕುವಾಗ ಇವೆರಡೂ ಕಲಸಿಕೊಳ್ಳುತ್ತವೆ, ಇಸವಿ ನೋಡಿಕೊಂಡು ಓದಿ.

ಕ್ಯಾಟಲಿನಾವನ್ನು ಈಗ ಎಲ್ಲಿ ನೋಡಬಹುದು?

ಅಮೆರಿಕದಲ್ಲಿ ಇರುವ ಕನ್ನಡಿಗರಿಗೆ ಫ್ಲಾರಿಡಾ ಕಡೆ ಹೋಗುವ ಅವಕಾಶ ಇದ್ದರೆ ಪೆನ್ಸಕೋಲಾದ ನೌಕಾ ವಿಮಾನಯಾನ ಮ್ಯೂಸಿಯಂ ನೋಡಿ. ಅಲ್ಲಿನ ಒಂದು ಕ್ಯಾಟಲಿನಾದ ಪಕ್ಕವನ್ನು ಕತ್ತರಿಸಿ ತೆಗೆದಿದ್ದಾರೆ, ಬಂಕ್ ಎಲ್ಲಿತ್ತು, ಮೆಕ್ಯಾನಿಕ್ ಎಲ್ಲಿ ಕೂರುತ್ತಿದ್ದ ಎಲ್ಲಾ ಹೊರಗಿನಿಂದಲೇ ಕಾಣುತ್ತದೆ. ಬ್ರಿಟನ್ನಿನಲ್ಲಿ ಇರುವವರಿಗೆ ಕಾಸ್‌ಫರ್ಡ್‌ನ ವಾಯುಪಡೆ ಮ್ಯೂಸಿಯಂ ಹತ್ತಿರ. ಅಲ್ಲೂ ಒಂದು ಕ್ಯಾಟಲಿನಾ ಇದೆ.